ಹಾಫ್‌ಟೈಮ್‌ಗೆ ಹದಿನೈದೇ ನಿಮಿಷ

ಟಿವಿ ಮುಂದೆ ಕೂತು ಪಂದ್ಯ ನೋಡುವುದನ್ನು ನಮ್ಮ ಮನೆಗಳಿಗೆ ಕಲಿಸಿದ್ದು ಕ್ರಿಕೆಟ್. ಓವರ್ ಮುಗಿದಾಗ ಎದ್ದು ಹಾಲು ಇಳಿಸಿ ಬರಬಹುದು, ವಿಕೆಟ್ ಬಿದ್ದಾಗ ಬಾಗಿಲು ತೆಗೆಯಬಹುದು, ಡ್ರಿಂಕ್ಸ್ ಬ್ರೇಕಿನಲ್ಲಿ ಒಂದು ಬಾಣಲೆ ಬೋಂಡಾ ಕರಿದು ತರಬಹುದು. ಫುಟ್‌ಬಾಲ್‌ನಲ್ಲಿ ಈ ಸವಲತ್ತಿಲ್ಲ. 45 ನಿಮಿಷ ಚೆಂಡು ಓಡುತ್ತಲೇ ಇರುತ್ತದೆ. ಇಡೀ ಪಂದ್ಯದ ಒಂದೇ ಗೋಲು ನೀವು ಕೊತ್ತಂಬರಿ ಹೆಚ್ಚುತ್ತಿದ್ದ ಅರ್ಧ ನಿಮಿಷದಲ್ಲಿ ಬಿದ್ದುಹೋಗಬಹುದು. 2014ರ ವಿಶ್ವಕಪ್ ಫೈನಲ್‌ನಲ್ಲಿ 112 ನಿಮಿಷ ಗೋಲೇ ಇರಲಿಲ್ಲ. 113ನೇ ನಿಮಿಷದಲ್ಲಿ ಮಾರಿಯೊ ಗೊಟ್ಜೆ ಹೊಡೆದ ಒಂದು ಗೋಲಿಗೆ ಕಪ್ ಜರ್ಮನಿಗೆ ಹೋಯಿತು. ಇಲ್ಲಿ ಆಗ ಹತ್ತಿರ ಹತ್ತಿರ ನಸುಕಿನ ಮೂರು ಗಂಟೆ. ಅಷ್ಟು ಹೊತ್ತು ಕಾದು, ಆ ಕ್ಷಣಕ್ಕೆ ಸರಿಯಾಗಿ ಕಾಫಿ ಬೆರೆಸಲು ಅಡುಗೆಮನೆಗೆ ಹೋದವರು ಎಷ್ಟು ಮಂದಿಯೋ.

ಹಾಗಾಗಿ ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಹತ್ತು ಜನರನ್ನು ಕರೆದು ಪಂದ್ಯ ನೋಡುವ ಯೋಚನೆಯಿದ್ದರೆ, ಅಲಂಕಾರಕ್ಕಿಂತ ಮೊದಲು ಗಡಿಯಾರ ನೋಡಿ. ಆತಿಥೇಯರು ಅಡುಗೆಮನೆಯಲ್ಲಿ ಸಿಕ್ಕಿಬೀಳದೆ ಪಂದ್ಯ ನೋಡಿದರೆ ಪಾರ್ಟಿ ಅರ್ಧ ಗೆದ್ದಂತೆ.

ಯಾವ ಪಂದ್ಯಕ್ಕೆ ಕರೆಯಬೇಕು?

2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ. ಮೊದಲ ಸಲ 48 ತಂಡ, ಒಟ್ಟು 104 ಪಂದ್ಯ. ಅಲ್ಲಿನ ಮಧ್ಯಾಹ್ನ ನಮಗೆ ರಾತ್ರಿ, ಅಲ್ಲಿನ ರಾತ್ರಿ ನಮಗೆ ಬೆಳಗು. ಹೆಚ್ಚಿನ ಪಂದ್ಯಗಳು ನಮ್ಮ ಗಡಿಯಾರದಲ್ಲಿ ರಾತ್ರಿ 9.30–10.30, ಮಧ್ಯರಾತ್ರಿ 12.30, ನಸುಕಿನ 3.30, ಬೆಳಿಗ್ಗೆ 6.30ರ ಆಸುಪಾಸಿಗೆ ಬರುತ್ತವೆ. ಮೆಕ್ಸಿಕೊ–ದಕ್ಷಿಣ ಆಫ್ರಿಕಾ ಉದ್ಘಾಟನಾ ಪಂದ್ಯ ಮೆಕ್ಸಿಕೊ ಸಿಟಿಯ ಅಜ್ಟೆಕಾ ಕ್ರೀಡಾಂಗಣದಲ್ಲಿ. ನಮಗೆ ಅದು ಗುರುವಾರ ಕಳೆದು ಶುಕ್ರವಾರ ಹುಟ್ಟುವ ರಾತ್ರಿ 12.30ಕ್ಕೆ. ನ್ಯೂಜೆರ್ಸಿಯ ಫೈನಲ್ ಕೂಡ ಅದೇ ಹೊತ್ತಿಗೆ, ಭಾನುವಾರ ಕಳೆದು ಸೋಮವಾರಕ್ಕೆ. ಆಮಂತ್ರಣದಲ್ಲಿ ಇದನ್ನು ಬಿಡಿಸಿ ಬರೆಯಿರಿ: "ಜುಲೈ 19, ಭಾನುವಾರ ರಾತ್ರಿ ಊಟವಾದ ಮೇಲೆ." ಬರೀ "20ರ 12.30" ಎಂದರೆ ಯಾರಾದರೊಬ್ಬರು ಸೋಮವಾರ ರಾತ್ರಿ ಕೇಕ್ ಹಿಡಿದು ಬಾಗಿಲು ತಟ್ಟುತ್ತಾರೆ.

ನನ್ನನ್ನು ಕೇಳಿದರೆ ಪಾರ್ಟಿಗೆ ಯೋಗ್ಯವಾದವು ಎರಡೇ ಹೊತ್ತು. ಒಂದು, ವಾರಾಂತ್ಯದ ರಾತ್ರಿ 9.30–10.30ರದ್ದು. ಇನ್ನೊಂದು, ಎಲ್ಲರೂ ಮರೆತೇಬಿಡುವ ಭಾನುವಾರ ಬೆಳಿಗ್ಗೆ 6.30ರದ್ದು. ಬೇಗ ಎದ್ದು ಲಾಲ್‌ಬಾಗ್‌ಗೋ ನಂದಿಬೆಟ್ಟಕ್ಕೋ ಹೊರಡುವ, ಹೊಸಕೋಟೆಯಲ್ಲಿ ಬೆಳಕು ಹರಿಯುವ ಮುನ್ನವೇ ಬಿರಿಯಾನಿಗೆ ಸಾಲು ನಿಲ್ಲುವ ಊರು ಇದು. ಬೆಳಗಿನ ಪಂದ್ಯಕ್ಕೆ ಅತಿಥಿಗಳು ಹೆಬ್ಬಾಳದ ಟ್ರಾಫಿಕ್ ಇಲ್ಲದೆ ಬರುತ್ತಾರೆ, ಅಕ್ಕಪಕ್ಕದವರ ನಿದ್ದೆ ಕೆಡುವುದಿಲ್ಲ, ಮಕ್ಕಳು ಎಚ್ಚರವಿರುತ್ತಾರೆ, ಒಂಬತ್ತಕ್ಕೆಲ್ಲ ಮನೆ ಖಾಲಿ. ನಸುಕಿನ 3.30ರ ಪಂದ್ಯಕ್ಕೆ ಯಾರನ್ನೂ ಕರೆಯಬೇಡಿ. ಅದು ಒಬ್ಬರೇ ರಗ್ಗು ಹೊದ್ದು ನೋಡುವ ಪಂದ್ಯ.

ವಿಶ್ವಕಪ್ ಮುಗಿದ ಮೇಲೂ ಇದೇ ಲೆಕ್ಕ ಕೆಲಸಕ್ಕೆ ಬರುತ್ತದೆ. ಇಂಗ್ಲಿಷ್ ಪ್ರೀಮಿಯರ್ ಲೀಗಿನ ಶನಿವಾರ ಮಧ್ಯಾಹ್ನದ ಪಂದ್ಯ ನಮಗೆ ಸಂಜೆ 7.30ಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರ ಹಿಂದಕ್ಕೆ ಹೋದ ಮೇಲೆ ಮಾರ್ಚ್ ಕೊನೆಯವರೆಗೆ 8.30ಕ್ಕೆ. ಊಟದ ಜತೆ ಪಂದ್ಯ ಇಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಚಾಂಪಿಯನ್ಸ್ ಲೀಗ್ ವಾರದ ಮಧ್ಯದಲ್ಲಿ, 12.30 ಅಥವಾ 1.30ಕ್ಕೆ. ಕೆಲಸಕ್ಕೆ ಹೋಗುವವರು ಅದನ್ನು ಫೈನಲ್‌ಗಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು.

ಬರುವವರ ದಾರಿ

ಜಯನಗರದ ಗೆಳೆಯ "ಹೊರಟೆ" ಎಂದರೆ ಹೆಬ್ಬಾಳ ಇನ್ನೂ ಒಂದು ಗಂಟೆ ದೂರ. 9.30ರ ಪಂದ್ಯಕ್ಕೆ 8 ಗಂಟೆಗೆ ಕರೆಯಿರಿ, ಊಟ 8.30ಕ್ಕೆ ಎಂದು ಹೇಳಿ. ಊಟದ ಸಮಯಕ್ಕೆ ಇರುವ ಮರ್ಯಾದೆ ಪಂದ್ಯದ ಸಮಯಕ್ಕಿಲ್ಲ. ಯಶವಂತಪುರದವರಿಗೆ ಹಸಿರು ಮಾರ್ಗದ ಮೆಟ್ರೊ ಇದೆ, ಆದರೆ ರಾತ್ರಿ ಹನ್ನೊಂದರ ಸುಮಾರಿಗೆ ಅದು ಮಲಗುತ್ತದೆ. ಪಂದ್ಯ ಮುಗಿಯುವುದರೊಳಗೆ ಕೊನೆಯ ರೈಲು ಹೋಗಿರುತ್ತದೆ ಎಂದು ಬರುವವರಿಗೆ ಮೊದಲೇ ತಿಳಿಸಿ. ಬಳ್ಳಾರಿ ರಸ್ತೆಯ ಬದಿ ಇರುವವರಿಗೆ ಒಂದು ಅನುಕೂಲವಿದೆ: ವಿಮಾನ ನಿಲ್ದಾಣದ ವಾಯುವಜ್ರ ಬಸ್‌ಗಳು ರಾತ್ರಿಯೂ ಓಡುತ್ತವೆ, ಹೆಬ್ಬಾಳ ದಾಟಿಯೇ ಹೋಗುತ್ತವೆ. ಕುಡಿಯುವವರಿದ್ದರೆ ಕಾರಿನ ಕೀ ಬಾಗಿಲಲ್ಲೇ ತೆಗೆದುಕೊಂಡು ಹಾಸಿಗೆ ತೋರಿಸಿ.

ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನೂ ಹೇಳಿಬಿಡಿ. 12.30ಕ್ಕೆ ಶುರುವಾದ ಪಂದ್ಯ ಸೇರಿಸಿದ ನಿಮಿಷಗಳನ್ನೂ ಕೂಡಿಸಿ 2.30ರ ಸುಮಾರಿಗೆ ಮುಗಿಯುತ್ತದೆ. ನಾಕೌಟ್‌ನಲ್ಲಿ ಸಮಬಲವಾದರೆ ಇನ್ನೂ 30 ನಿಮಿಷ ಆಟ, ಆಮೇಲೆ ಪೆನಾಲ್ಟಿ. ಆಗ ಗಂಟೆ 3.15 ದಾಟಿರುತ್ತದೆ.

ಪಕ್ಕದ ಮನೆಯ ಗೋಲು ಮೊದಲು

ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫುಟ್‌ಬಾಲ್ ನೋಡುವವರಿಗೆಲ್ಲ ಗೊತ್ತಿರುವ ಹಿಂಸೆ ಒಂದಿದೆ. ನಿಮ್ಮ ಪರದೆಯಲ್ಲಿ ಚೆಂಡು ಇನ್ನೂ ಮಧ್ಯಗೆರೆ ದಾಟಿಲ್ಲ, ಮೇಲಿನ ಮಹಡಿಯಲ್ಲಿ "ಗೋ....ಲ್!" ಎಂದು ಕೂಗು. ಮೇಲಿನವರದ್ದು ಕೇಬಲ್ ಅಥವಾ ಡಿಶ್, ನಿಮ್ಮದು ಆ್ಯಪ್. ಇಂಟರ್‌ನೆಟ್‌ನಲ್ಲಿ ಬರುವ ಚಿತ್ರ ತುಂಡುತುಂಡಾಗಿ ಕೂಡಿಟ್ಟು ಬರುವುದರಿಂದ ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು ಹಿಂದೆ ಬೀಳುತ್ತದೆ. ಮಲಯಾಳಿ, ಬಂಗಾಳಿ, ಮಣಿಪುರಿ ಹುಡುಗರು ತುಂಬಿರುವ ಮತ್ತಿಕೆರೆ, ಜಾಲಹಳ್ಳಿಯ ಪಿ.ಜಿ. ಪಕ್ಕದಲ್ಲಿ ನಿಮ್ಮ ಮನೆಯಿದ್ದರಂತೂ ಪ್ರತಿ ಗೋಲಿಗೂ ಮುಂಗಡ ಸುದ್ದಿ ಗ್ಯಾರಂಟಿ.

ಸಾಧ್ಯವಿದ್ದರೆ ಡಿಶ್ ಅಥವಾ ಕೇಬಲ್ ಸಂಪರ್ಕವನ್ನೇ ಮುಖ್ಯ ಮಾಡಿಕೊಳ್ಳಿ, ಆ್ಯಪ್ ಆಪತ್ತಿಗಿರಲಿ. ಜೂನ್–ಜುಲೈ ಮಳೆಗಾಲ, ಜೋರು ಮಳೆಯಲ್ಲಿ ಡಿಶ್ ಸಿಗ್ನಲ್ ಹೋಗುತ್ತದೆ, ಆಗ ಆ್ಯಪ್ ಬೇಕಾಗುತ್ತದೆ. ಆ್ಯಪ್ ಮಾತ್ರ ಇರುವವರು ಟಿವಿಗೆ ವೈಫೈ ಬದಲು ರೌಟರ್‌ನಿಂದ ಕೇಬಲ್ ಎಳೆಯಿರಿ. ಅತಿಥಿಗಳ ಹತ್ತು ಫೋನ್ ಅದೇ ವೈಫೈಗೆ ಸೇರಿಕೊಂಡರೆ ಚಿತ್ರ ಸುತ್ತುತ್ತಾ ನಿಲ್ಲುತ್ತದೆ. ಪಾಸ್‌ವರ್ಡ್ ಕೇಳಿದವರಿಗೆ ನಗುತ್ತಾ ಇನ್ನೊಂದು ನಿಪ್ಪಟ್ಟು ಕೊಡಿ. ಸ್ಕೋರ್ ಆ್ಯಪ್‌ಗಳ ನೋಟಿಫಿಕೇಶನ್ ಎಲ್ಲರೂ ಬಂದ್ ಮಾಡಲೇಬೇಕು, ಇದರಲ್ಲಿ ರಾಜಿಯಿಲ್ಲ.

ಪ್ರಸಾರದ ಹಕ್ಕು ಕೈ ಬದಲಾಯಿಸುತ್ತಿರುತ್ತದೆ. 2018ರಲ್ಲಿ ಸೋನಿಯಲ್ಲಿತ್ತು, 2022ರಲ್ಲಿ ವಯಾಕಾಮ್18ಗೆ ಹೋಗಿ ಜಿಯೋಸಿನಿಮಾದಲ್ಲಿ ಉಚಿತವಾಗಿ ಬಂತು. ಹಳೆಯ ನೆನಪಿನ ಮೇಲೆ ಕೂರದೆ ವಾರ ಮೊದಲೇ ಚಾನೆಲ್ ಹುಡುಕಿ, ಚಂದಾ ಕಟ್ಟಿ, ಒಂದು ಸಣ್ಣ ಪಂದ್ಯ ಹಾಕಿ ಪರೀಕ್ಷಿಸಿ.

ಕರೆಂಟು ಹೋಗುವುದು ಖಚಿತ ಎಂದುಕೊಂಡೇ ತಯಾರಾಗಿ. 55 ಇಂಚಿನ ಎಲ್‌ಇಡಿ ಟಿವಿ 100ರಿಂದ 150 ವ್ಯಾಟ್, ರೌಟರ್ 10–12 ವ್ಯಾಟ್, ಎರಡು ಫ್ಯಾನ್ ಸೇರಿ ಸುಮಾರು 300 ವ್ಯಾಟ್. 150 ಆಂಪಿಯರ್-ಅವರ್‌ನ ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಇಡೀ ಪಂದ್ಯ, ಹೆಚ್ಚುವರಿ ಸಮಯ ಸಮೇತ, ದಾಟಿಸುತ್ತದೆ. ಮುಖ್ಯವಾದ ಪ್ರಶ್ನೆ ಬೇರೆ: ಟಿವಿ ಮತ್ತು ರೌಟರ್‌ನ ಪ್ಲಗ್‌ಗಳು ಯುಪಿಎಸ್ ಸಾಲಿನಲ್ಲಿವೆಯೇ? ಬಹಳಷ್ಟು ಮನೆಗಳಲ್ಲಿ ಇರುವುದಿಲ್ಲ. ಹಗಲಿನಲ್ಲೇ ಮೇನ್ ಆಫ್ ಮಾಡಿ ನೋಡಿ. ಬೆಸ್ಕಾಂನ 1912 ಫೋನಿನಲ್ಲಿ ಇರಲಿ.

ಪರದೆ, ಆಸನ, ಬೆಳಕು

30–40 ಸೈಟಿನ ಮನೆಯ ಹಾಲ್‌ಗೆ 55 ಇಂಚು ಸಾಕು, ಏಳೆಂಟು ಅಡಿ ದೂರದಲ್ಲಿ ಕೂತರೆ ಚೆನ್ನ. ಪ್ರೊಜೆಕ್ಟರ್ ಬಾಡಿಗೆಗೆ ತರುವ ಆಸೆಯಿದ್ದರೆ ಖಾಲಿ ಬಿಳಿ ಗೋಡೆ ಬೇಕು, 100 ಇಂಚಿನ ಚಿತ್ರಕ್ಕೆ ಸಾಮಾನ್ಯ ಪ್ರೊಜೆಕ್ಟರ್ ಒಂಬತ್ತು ಅಡಿಯಷ್ಟು ಹಿಂದಿರಬೇಕು. ರಾತ್ರಿ ಪಂದ್ಯಕ್ಕೆ ಅದು ಸೊಗಸು, ಬೆಳಗಿನ 6.30ರ ಪಂದ್ಯಕ್ಕೆ ಪರದೆಯೆಲ್ಲ ಮಂಕು. ತಾರಸಿಯ ಮೇಲೆ ಪರದೆ ಕಟ್ಟುವ ಕನಸು ಜೂನ್ ತಿಂಗಳಿಗೆ ಬೇಡ, ಮಳೆಗಿಂತ ಮೊದಲು ಗಾಳಿ ಬಂದು ಅದನ್ನು ಪಕ್ಕದ ಬೀದಿಗೆ ಒಯ್ಯುತ್ತದೆ. ಬ್ಲೂಟೂತ್ ಸ್ಪೀಕರ್ ಕೂಡ ಬೇಡ: ಒದ್ದ ಸದ್ದು ಒದೆತದ ಹಿಂದೆ ಬರುತ್ತದೆ. ತಂತಿಯಲ್ಲಿ ಜೋಡಿಸಿ.

ಆಸನ ಮೂರು ಎತ್ತರಗಳಲ್ಲಿರಲಿ. ಟಿವಿ ಹತ್ತಿರ ನೆಲದ ಮೇಲೆ ಜಮಖಾನ, ದಿಂಬು; ಅದರ ಹಿಂದೆ ಸೋಫಾ; ಕೊನೆಯಲ್ಲಿ ಊಟದ ಮೇಜಿನ ಕುರ್ಚಿಗಳು. ಯಾರ ತಲೆಯೂ ಯಾರಿಗೂ ಅಡ್ಡವಾಗುವುದಿಲ್ಲ. ನವಲಗುಂದದ ಜಮಖಾನ ಮನೆಯಲ್ಲಿದ್ದರೆ ಟ್ರಂಕಿನಿಂದ ಈಗ ತೆಗೆಯಿರಿ, ಅದೊಂದೇ ಹಾಲ್‌ನ ಅಂದ ಬದಲಿಸುತ್ತದೆ. ಮಂಡಿನೋವಿನ ಹಿರಿಯರಿಗೆ ಹಿಂದಿನ ಸಾಲಿನಲ್ಲಿ, ಬಾತ್‌ರೂಮಿಗೆ ಹತ್ತಿರದ ಕುರ್ಚಿ. ಟ್ಯೂಬ್‌ಲೈಟ್ ಆರಿಸಿ, ಅದು ಟಿವಿಯಲ್ಲಿ ಬಿಳಿ ಗೆರೆಯಾಗಿ ಮೈದಾನದ ಮಧ್ಯೆ ನಿಂತುಬಿಡುತ್ತದೆ. ಟಿವಿಯ ಹಿಂದೆ ಒಂದು ಸಣ್ಣ ಹಳದಿ ದೀಪವಿಟ್ಟರೆ ಕಣ್ಣಿಗೆ ಹಿತ.

ಅಲಂಕಾರಕ್ಕೆ ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಧ್ವಜದ ಸರ ತರಿಸುವವರನ್ನು ಕಂಡರೆ ನನಗೆ ಬೇಸರ. ಹೂವಿನ ಊರಿನಲ್ಲಿದ್ದೇವೆ. ಬ್ರೆಜಿಲ್ ಆಡುತ್ತಿದ್ದರೆ ಹಳದಿ ಸೇವಂತಿಗೆಯ ಜತೆ ಮರುಗ. ನೆದರ್ಲೆಂಡ್ಸ್‌ಗೆ ಕನಕಾಂಬರ ಇರುವಾಗ ಬೇರೆ ಕಿತ್ತಳೆ ಬಣ್ಣ ಯಾಕೆ? ಸ್ಪೇನ್ ಬಂತೆಂದರೆ ರಾಜ್ಯೋತ್ಸವಕ್ಕೆ ತಂದು ಉಳಿದ ಹಳದಿ-ಕೆಂಪು ಕಾಗದದ ತೋರಣ ಅಟ್ಟದಲ್ಲಿ ಇದ್ದೇ ಇರುತ್ತದೆ. ಅರ್ಜೆಂಟೀನಾದ ತಿಳಿನೀಲಿಗೆ ಹೂವು ಕಷ್ಟ. ಆ ಬಣ್ಣವನ್ನು ಲೋಟಕ್ಕೆ ತನ್ನಿ: ಒಣಗಿದ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿ, ಆರಿಸಿ, ಸಕ್ಕರೆ-ಐಸ್ ಹಾಕಿ. ನಿಂಬೆ ಹಿಂಡಿದ ತಕ್ಷಣ ನೀಲಿ ನೇರಳೆಯಾಗುತ್ತದೆ. ಅಷ್ಟು ಹೊತ್ತು ಮಕ್ಕಳು ಪಂದ್ಯ ಮರೆಯುತ್ತಾರೆ. ಕೇರಳದ ಪುಳ್ಳಾವೂರಿನಲ್ಲಿ 2022ರಲ್ಲಿ ಹೊಳೆಯ ಮಧ್ಯೆ ಮೆಸ್ಸಿ, ನೇಮರ್, ರೊನಾಲ್ಡೊರ ಕಟೌಟ್ ನಿಲ್ಲಿಸಿ ಫಿಫಾದ ಕಣ್ಣಿಗೂ ಬಿದ್ದರು. ಕಟೌಟ್ ನಿಲ್ಲಿಸುವುದು ಬೆಂಗಳೂರಿಗೂ ಹೊಸದೇನಲ್ಲ, ಆದರೆ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಹೂವೇ ಸಾಕು.

ತಟ್ಟೆಗೆ ಬರೋಣ

ನಿಯಮ ಒಂದೇ: ಒಂದು ಕೈಯಲ್ಲಿ, ಕೆಳಗೆ ನೋಡದೆ ತಿನ್ನಲು ಬರುವ ತಿಂಡಿ. ಮುದ್ದೆ-ಸಾರು ಇದಕ್ಕಲ್ಲ, ಸಾಂಬಾರಿನಲ್ಲಿ ಮುಳುಗಿದ ವಡೆಯೂ ಅಲ್ಲ. ಪಂದ್ಯ ನಡೆಯುವಾಗ ಕೈಗೆಟುಕುವಲ್ಲಿ ಕೋಡುಬಳೆ, ಕಾಂಗ್ರೆಸ್ ಕಡಲೆಬೀಜ, ಚಕ್ಕುಲಿ ಇರಲಿ. ಬಿಸಿ ಏನಿದ್ದರೂ ಹಾಫ್‌ಟೈಮ್‌ಗೆ.

ಆ ಹದಿನೈದು ನಿಮಿಷಕ್ಕೆ ಚುರುಮುರಿಯಷ್ಟು ಹೊಂದುವ ತಿಂಡಿ ಇನ್ನೊಂದಿಲ್ಲ. ಹತ್ತು ಜನಕ್ಕೆ 400 ಗ್ರಾಂ ಪುರಿ, ನಾಲ್ಕು ಈರುಳ್ಳಿ, ಮೂರು ಟೊಮೆಟೊ, ಮೂರು ಕ್ಯಾರೆಟ್, ಒಂದು ಹಿಡಿ ಕೊತ್ತಂಬರಿ, ಹಸಿಮೆಣಸಿನ ಖಾರ, ಎರಡು ನಿಂಬೆಹಣ್ಣು, ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ಚಮಚ. ಎಲ್ಲ ಹೆಚ್ಚಿ ಬೇರೆಬೇರೆ ಡಬ್ಬಿಯಲ್ಲಿ ಮುಚ್ಚಿಡಿ. 43ನೇ ನಿಮಿಷಕ್ಕೂ ಬೆರೆಸಬೇಡಿ. ವಿಸಲ್ ಆದ ಮೇಲೆ ದೊಡ್ಡ ಪಾತ್ರೆಯಲ್ಲಿ ಕಲಸಿ ಪೇಪರ್ ಪೊಟ್ಟಣದಲ್ಲಿ ಕೊಡಿ. ಹತ್ತು ನಿಮಿಷ ತಡವಾದರೆ ಪುರಿ ಮೆತ್ತಗಾಗಿ ಶ್ರಮವೆಲ್ಲ ವ್ಯರ್ಥ. ಈ ವಿಶ್ವಕಪ್‌ನಲ್ಲಿ ಎಲ್ಲ ಪಂದ್ಯಗಳಲ್ಲೂ ಪ್ರತಿ ಅರ್ಧದ ನಡುವೆ ಆಟಗಾರರಿಗೆ 3 ನಿಮಿಷ ನೀರು ಕುಡಿಯುವ ವಿರಾಮವಿದೆ. ನೀವೂ ಲೋಟ ತುಂಬಿಸಿಕೊಳ್ಳಿ, ಕರಿಯಲು ಮಾತ್ರ ಹೋಗಬೇಡಿ.

ಆಡುವ ದೇಶಕ್ಕೆ ತಕ್ಕ ಅಡುಗೆ ಮಾಡುವುದು ಈಗಿನ ಫ್ಯಾಷನ್. ಅದಕ್ಕೆ ಹೊರಗಿನಿಂದ ಏನನ್ನೂ ತರಿಸಬೇಕಿಲ್ಲ. ಮೆಕ್ಸಿಕೊದವರು ಬೀದಿಯಲ್ಲಿ ಸುಟ್ಟ ಜೋಳಕ್ಕೆ ನಿಂಬೆ, ಖಾರದಪುಡಿ ಹಚ್ಚಿ ತಿನ್ನುತ್ತಾರೆ, ನಮ್ಮ ತಳ್ಳುಗಾಡಿಯವರು ಮಾಡುವುದೂ ಅದನ್ನೇ. ಅವರ ಗ್ವಾಕಮೋಲೆ ನಮ್ಮ ಬೆಣ್ಣೆಹಣ್ಣಿನ ಚಟ್ನಿ. ಮಾಗಿದ ಮೂರು ಬೆಣ್ಣೆಹಣ್ಣು ಕಿವುಚಿ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಧಾರಾಳ ನಿಂಬೆರಸ ಸೇರಿಸಿ ನಿಪ್ಪಟ್ಟಿನ ಮೇಲೆ ಹಚ್ಚಿಕೊಡಿ. ಮಿಲ್ಕ್‌ಶೇಕ್ ಬಿಟ್ಟು ಬೇರೇನಕ್ಕೂ ಬೆಣ್ಣೆಹಣ್ಣು ಬಳಸದ ಮನೆಗಳಲ್ಲಿ ಇದು ಹಿಟ್ ಆಗುತ್ತದೆ. ಹುರಿದ ಕಡಲೆಬೀಜ, ಸಕ್ಕರೆ ಪುಡಿಮಾಡಿ ಒತ್ತಿದ ಬ್ರೆಜಿಲ್‌ನ ಪಾಸೋಕಾಕ್ಕೂ ನಮ್ಮ ಕಡಲೆಬೀಜದ ಉಂಡೆಗೂ ಬೆಲ್ಲದಷ್ಟೇ ವ್ಯತ್ಯಾಸ. ದೊಡ್ಡಬಳ್ಳಾಪುರದ ಕಡೆಯ ಹಲಸು ಅದೇ ತಿಂಗಳಲ್ಲಿ ರಸ್ತೆ ಬದಿಗೆ ಬಂದಿರುತ್ತದೆ, ತೊಳೆ ತಂದು ತಣ್ಣಗೆ ಇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಘಮ ಎರಡನೇ ಅರ್ಧವನ್ನೂ ಆಳುತ್ತದೆ ಎಂಬುದು ನೆನಪಿರಲಿ.

ಮಧ್ಯರಾತ್ರಿಯ ಪಂದ್ಯಕ್ಕೆ ಎಲ್ಲರೂ ಉಂಡೇ ಬಂದಿರುತ್ತಾರೆ. ಆಗ ಮೆಣಸಿನ ಸಾರನ್ನು ಫ್ಲಾಸ್ಕಿನಲ್ಲಿಟ್ಟು ಸಣ್ಣ ಗಾಜಿನ ಲೋಟಗಳಲ್ಲಿ ಕೊಡಿ, ಹೋಟೆಲ್ ಸೂಪುಗಳಿಗಿಂತ ಸ್ಟೈಲಾಗಿ ಕಾಣುತ್ತದೆ. ಬೆಳಗಿನ ಪಂದ್ಯಕ್ಕೆ ಖಾರಾಬಾತ್, ಪುಟ್ಟ ಇಡ್ಲಿ, ಗಟ್ಟಿ ಚಟ್ನಿ. ಕಾಫಿಯ ಡಿಕಾಕ್ಷನ್ ಹಿಂದಿನ ರಾತ್ರಿಯೇ ಇಳಿಸಿಡಿ; ಹತ್ತು ಜನಕ್ಕೆ 100–120 ಗ್ರಾಂ ಪುಡಿ, ಒಂದೂವರೆ ಲೀಟರ್ ಹಾಲು.

ಆಫ್‌ಸೈಡ್ ಗೊತ್ತಿಲ್ಲದವರು

ಬಂದವರಲ್ಲಿ ಅರ್ಧ ಜನಕ್ಕೆ ಆಟ ಗೊತ್ತಿರುವುದಿಲ್ಲ. ಅವರನ್ನು ಅಡುಗೆಮನೆಗೆ ತಳ್ಳದಿರುವುದು ಆತಿಥ್ಯದ ಮೊದಲ ಪಾಠ. ಆಫ್‌ಸೈಡ್ ಇಷ್ಟೇ: ಜತೆಗಾರ ಚೆಂಡು ಕೊಡುವ ಕ್ಷಣದಲ್ಲಿ ನೀವು ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಅವರ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ನಿಂತು ಆಟಕ್ಕಿಳಿದರೆ ತಪ್ಪು. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ವಿಎಆರ್ ಎಂದರೆ ಕ್ರಿಕೆಟ್ಟಿನ ಡಿಆರ್‌ಎಸ್ ತರಹದ್ದು, ಆದರೆ ನಾಯಕ ಕೈಯಲ್ಲಿ 'ಟಿ' ಮಾಡಿ ಕೇಳುವಂತಿಲ್ಲ. ಎರಡು ಹಳದಿ ಸೇರಿದರೆ ಕೆಂಪು, ಹೋದವನ ಬದಲು ಇನ್ನೊಬ್ಬ ಬರುವುದಿಲ್ಲ. ಇಷ್ಟನ್ನು ಕನ್ನಡದಲ್ಲಿ ಒಂದು ಕಾರ್ಡಿನ ಮೇಲೆ ಬರೆದಿಟ್ಟರೆ ಪಂದ್ಯದ ಮಧ್ಯೆ ಯಾರೂ ಪಾಠ ಮಾಡಬೇಕಿಲ್ಲ.

ಪಂದ್ಯಕ್ಕೆ ಮುನ್ನ ಸಣ್ಣ ರಸಪ್ರಶ್ನೆ ಇಡಿ, ಪ್ರಶ್ನೆಗಳು ಊರಿನವೇ ಇರಲಿ. ಪೆಲೆಯ ಪ್ರತಿಮೆ ಬೆಂಗಳೂರಿನಲ್ಲಿ ಎಲ್ಲಿದೆ? ಹಲಸೂರಿನ ಗೌತಮಪುರದಲ್ಲಿ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಯಾರು? 1948ರ ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ ಬೆಂಗಳೂರಿನ ಸಾರಂಗಪಾಣಿ ರಾಮನ್. ಪಂದ್ಯ ನಾವು 2–1ರಿಂದ ಸೋತೆವು. ಅದೇ ತಂಡದಲ್ಲಿದ್ದ ಇದೇ ಊರಿನ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರು. ಕರ್ನಾಟಕ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ ಗೆದ್ದದ್ದು ಎಲ್ಲಿ? 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. 2013ರಲ್ಲಿ ಹುಟ್ಟಿ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಯ ಪ್ರಶ್ನೆ ಮಕ್ಕಳಿಗೆ ಬಿಡಿ, ಉತ್ತರ ಅವರಿಗೇ ಗೊತ್ತಿರುತ್ತದೆ. ಈ ಊರು ಕ್ರಿಕೆಟ್ಟಿನದಷ್ಟೇ ಎಂದು ನಂಬಿದ್ದ ಮಾವನವರು ಇದಾದ ಮೇಲೆ ಸ್ವಲ್ಪ ನೆಟ್ಟಗೆ ಕೂತು ನೋಡುತ್ತಾರೆ.

ನೆರೆಯವರು

ಕಾನೂನಿನ ಪ್ರಕಾರ ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಮಾಮೂಲು ಮಾತುಕತೆಯೇ 60ರ ಹತ್ತಿರ ಇರುತ್ತದೆ. ಹತ್ತು ಜನರ ಕೂಗಿನ ಲೆಕ್ಕ ನೀವೇ ಹಾಕಿ. ಸಂಜಯನಗರ, ಗಂಗಾನಗರದ ಒತ್ತೊತ್ತು ಮನೆಗಳಲ್ಲಿ ಗೋಡೆಯೇ ಕಿವಿ. ಕಿಟಕಿ ಮುಚ್ಚಿ, ಸ್ಪೀಕರನ್ನು ಹಂಚಿಕೊಂಡ ಗೋಡೆಯಿಂದ ದೂರವಿಡಿ, ಬಾಲ್ಕನಿಯ ಬಾಗಿಲಿಗೆ ದಪ್ಪ ಪರದೆ ಎಳೆಯಿರಿ, ಪಟಾಕಿಯಂತೂ ಬೇಡವೇ ಬೇಡ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸೂಚನೆ ಹಾಕುವುದಕ್ಕಿಂತ ಸಂಜೆ ಒಂದು ಡಬ್ಬಿ ಕೋಡುಬಳೆ ಹಿಡಿದು ಮೇಲಿನ, ಕೆಳಗಿನ, ಪಕ್ಕದ ಮೂರು ಮನೆಗೆ ಹೋಗಿ ಹೇಳಿ ಬರುವುದು ಹೆಚ್ಚು ಫಲ ಕೊಡುತ್ತದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ಎಲ್ಲರೂ ಸೇರಿ ನೋಡುವುದಾದರೆ ಟಿಕೆಟ್ ಇಡಬೇಡಿ, ಪ್ರಾಯೋಜಕರ ಬ್ಯಾನರ್ ಕಟ್ಟಬೇಡಿ. ದುಡ್ಡಿನ ವ್ಯವಹಾರ ಬಂದರೆ ಅದು ವಾಣಿಜ್ಯ ಪ್ರದರ್ಶನವಾಗುತ್ತದೆ, ಅದಕ್ಕೆ ಫಿಫಾದ ಪರವಾನಗಿ ಬೇಕು.

ಅಡಿಕೆ ಹಾಳೆಯ ತಟ್ಟೆ ಬಳಸಿದರೆ ಪಾತ್ರೆಯ ರಾಶಿಯೂ ಇಲ್ಲ, ಥರ್ಮಾಕೋಲಿನ ಪಾಪವೂ ಇಲ್ಲ. ಹಸಿ ಕಸಕ್ಕೊಂದು, ಬಾಟಲಿಗಳಿಗೊಂದು ಚೀಲವನ್ನು ಶುರುವಿನಲ್ಲೇ ಮೂಲೆಯಲ್ಲಿ ನಿಲ್ಲಿಸಿ, ಜನ ತಾವೇ ಹಾಕುತ್ತಾರೆ. ಫೈನಲ್‌ನ ಹಾಫ್‌ಟೈಮ್‌ನಲ್ಲಿ ಮೊದಲ ಸಲ ಸಂಗೀತ ಕಾರ್ಯಕ್ರಮ ಇಟ್ಟಿರುವುದರಿಂದ ಆವತ್ತಿನ ವಿರಾಮ ಹದಿನೈದು ನಿಮಿಷಕ್ಕಿಂತ ಉದ್ದವಾಗಬಹುದು, ಅಂದು ಬೇಕಿದ್ದರೆ ಬೋಂಡಾ ಕರಿಯಿರಿ. ಜುಲೈ 20 ಸೋಮವಾರಕ್ಕೆ ರಜೆ ಅರ್ಜಿಯನ್ನು ಮಾತ್ರ ಈ ವಾರವೇ ಹಾಕಿ, ಆಫೀಸಿನಲ್ಲಿ ಫುಟ್‌ಬಾಲ್ ನೋಡುವವರು ಬೇರೆಯವರೂ ಇರುತ್ತಾರೆ.